ನಮ್ಮ ನಲ್ಲಿಯ ನೀರು, ಅವರ ಮುಳುಗಿದ ಊರು

ಅಣೆಕಟ್ಟು, ಮುಳುಗಡೆ ಎಂಬ ಮಾತು ಎದ್ದಾಗಲೆಲ್ಲ ನಮ್ಮ ಸಮಾಜದ ಸುಶಿಕ್ಷಿತರ ಬಾಯಿಂದ ತಪ್ಪದೆ ಹೊರಬೀಳುವ ಸಿದ್ಧ ವಾಕ್ಯವೊಂದಿದೆ: "ದೇಶ ಮುಂದುವರಿಯಬೇಕಾದರೆ ಯಾರಾದರೂ ತ್ಯಾಗ ಮಾಡಲೇಬೇಕಷ್ಟೆ!" ಲೋಕಲ್ ಗಾಡಿಯ ಹರಟೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಸಂಘದ ವಾರ್ಷಿಕೋತ್ಸವದ ಭಾಷಣಗಳಲ್ಲಿ ಈ ಮಾತನ್ನು ನಾವು ಎಷ್ಟು ಬಾರಿ ಕೇಳಿಲ್ಲ! ಹೇಳುವವರು ಕೆಟ್ಟವರಲ್ಲ. ಆದರೆ ಈ ವಾಕ್ಯದಲ್ಲಿ ಬರುವ 'ಯಾರಾದರೂ' ಎಂಬವರು ಯಾರು? ಅದು ಎಂದಾದರೂ 'ನಾವು' ಆದದ್ದುಂಟೆ? ಘಾಟಕೋಪರದ ಒಂದು ಸೊಸೈಟಿಯನ್ನೋ ಡೊಂಬಿವಲಿಯ ಒಂದು ಬಿಲ್ಡಿಂಗನ್ನೋ ಕೆಡವಿ ಪಕ್ಕದ ಹಳ್ಳಿಗೆ ನೀರು ಕೊಡುತ್ತೇವೆ ಎಂದರೆ ಇದೇ ಸಭ್ಯ ಗೃಹಸ್ಥರು ತ್ಯಾಗದ ಮಾತನ್ನು ಆಡುತ್ತಾರೆಯೆ?

ತ್ಯಾಗವೆಂಬುದು ಬಹಳ ದೊಡ್ಡ ಶಬ್ದ. ದಧೀಚಿಯ ಬೆನ್ನೆಲುಬನ್ನು ದೇವತೆಗಳು ಕೈಮುಗಿದು ಬೇಡಿ ಪಡೆದರು; ನೋಟೀಸು ಅಂಟಿಸಿ, ಪೋಲೀಸರನ್ನು ನಿಲ್ಲಿಸಿ ಕಿತ್ತುಕೊಳ್ಳಲಿಲ್ಲ. ಕೊಡುವವನಿಗೆ 'ಇಲ್ಲ' ಎನ್ನುವ ಅಧಿಕಾರ ಇದ್ದಾಗ ಮಾತ್ರ ಅದು ತ್ಯಾಗ. ಬ್ರಿಟಿಷರು 1894ರಲ್ಲಿ ಮಾಡಿದ ಭೂಸ್ವಾಧೀನ ಕಾಯಿದೆಯಲ್ಲಿ ಆ ಅಧಿಕಾರ ರೈತನಿಗೆ ಇರಲಿಲ್ಲ. ಸ್ವಾತಂತ್ರ್ಯ ಬಂದು ಆರು ದಶಕಗಳು ಕಳೆದರೂ ಅದೇ ಕಾಯಿದೆ ನಡೆಯಿತು. ಹೊಸ ಕಾನೂನು ಜಾರಿಗೆ ಬಂದದ್ದು 2014ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ದೇಶದ ದೊಡ್ಡ ಅಣೆಕಟ್ಟುಗಳ ಬಹುಭಾಗ ಕಟ್ಟಿ ಮುಗಿದಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ!

ನಮ್ಮ ನಾಡಿನ ಉದಾಹರಣೆಯನ್ನೇ ನೋಡೋಣ. ಶರಾವತಿಗೆ ಅಡ್ಡವಾಗಿ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಎದ್ದು ನಿಂತಿತು. ಅದರ ನೀರಿನಿಂದ 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಬೆಳೆಯಿತು; ಬೆಂಗಳೂರಿನ ಕಾರ್ಖಾನೆಗಳು ಬೆಳಗಿದವು. ನಾಡಿಗೆ ಬೆಳಕು ಬಂದದ್ದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಬೆಳಕಿಗೆ ಎಣ್ಣೆ ಎರೆದವರ ಗತಿ ಏನಾಯಿತು? ಸಾಗರ, ಹೊಸನಗರ ಸೀಮೆಯ ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿಸಿ, ಶಿವಮೊಗ್ಗ ಜಿಲ್ಲೆಯ ಕಾಡುಗಳ ನಡುವೆ ಇಳಿಸಿ ಬಂದರು. ತಲೆಮಾರುಗಳಿಂದ ಗೇಣಿಗೆ ದುಡಿದವನ ಹೆಸರು ಪಹಣಿಯಲ್ಲಿ ಇರಲಿಲ್ಲ. ಆದ್ದರಿಂದ ಜಮೀನಿನ ಪರಿಹಾರ ಒಡೆಯನ ಪಾಲಾಯಿತು. ಇದೇ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಉಳುವವನೇ ಹೊಲದೊಡೆಯ ಎಂಬ ಕಾನೂನು ನಾಡಿನಲ್ಲಿ ಜಾರಿಗೆ ಬಂದದ್ದು 1974ರಲ್ಲಿ. ಹೊಲ ಮುಳುಗಿ ಹತ್ತು ವರ್ಷವಾದ ಮೇಲೆ ಹೊಲದೊಡೆತನ ಬಂದರೆ ಅದನ್ನು ಎಲ್ಲಿ ಉಳುವುದು?

ಸರಕಾರ ತಾನೇ ತಂದು ಇಳಿಸಿದ ಕಾಡಿನ ನೆಲಕ್ಕೂ ಸರಿಯಾದ ಹಕ್ಕುಪತ್ರ ಸಿಗಲಿಲ್ಲ. ಸಂತ್ರಸ್ತರಿಗೆಂದು ಅರಣ್ಯಭೂಮಿಯನ್ನು ಬಿಡಿಸಿಕೊಟ್ಟ ರಾಜ್ಯದ ಅಧಿಸೂಚನೆಗಳಿಗೆ ಕೇಂದ್ರದ ಒಪ್ಪಿಗೆ ಇಲ್ಲವೆಂಬ ಕಾರಣದಿಂದ 2021ರಲ್ಲಿ ಹೈಕೋರ್ಟು ಅವನ್ನು ರದ್ದುಗೊಳಿಸಿತು. ನ್ಯಾಯಾಲಯ ಕಾನೂನನ್ನು ನೋಡಿತು, ಸರಿ. ಆದರೆ ಕಾನೂನಿನಂತೆ ನಡೆಯದ ಸರಕಾರದ ತಪ್ಪಿಗೆ ಶಿಕ್ಷೆ ಯಾರಿಗಾಯಿತು? ಅಜ್ಜನನ್ನು ಲಾರಿಯಲ್ಲಿ ತಂದು ಇಳಿಸಿದ ಜಾಗದಲ್ಲಿ ಮೊಮ್ಮಗ 'ಅತಿಕ್ರಮಣಕಾರ' ಎನಿಸಿಕೊಂಡ! ಹಿನ್ನೀರಿನ ಆಚೆ ದಂಡೆಯಲ್ಲೇ ಉಳಿದ ತುಮರಿ ಸೀಮೆಯವರ ಕತೆ ಇನ್ನೊಂದು. ಅವರಿಗೆ ತಾಲೂಕು ಕಚೇರಿಗೆ, ಆಸ್ಪತ್ರೆಗೆ ಬರಲು ಲಾಂಚೇ ಗತಿಯಾಯಿತು. ಅಂಬಾರಗೋಡ್ಲು-ಕಳಸವಳ್ಳಿ ನಡುವಣ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಣೆಕಟ್ಟಿಗೂ ಸೇತುವೆಗೂ ನಡುವೆ ಅರವತ್ತೊಂದು ವರ್ಷ! ನಾಡಿಗೆ ವಿದ್ಯುತ್ತು ಕೊಟ್ಟ ಆ ನೀರಿನ ಅಂಚಿನಲ್ಲೇ ಎಷ್ಟೋ ಮನೆಗಳು ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿದೀಪದಲ್ಲಿ ಕಳೆದವು. ಈ ಸಂಕಟವನ್ನು ಸರಕಾರಿ ನೌಕರಿಯಲ್ಲಿದ್ದುಕೊಂಡೇ ಕಣ್ಣಾರೆ ಕಂಡು ಕಾದಂಬರಿಗಳಾಗಿ ಬರೆದ ನಾ. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಅವರ 'ದ್ವೀಪ' ಗಿರೀಶ ಕಾಸರವಳ್ಳಿಯವರ ಕೈಯಲ್ಲಿ ಚಲನಚಿತ್ರವಾಗಿ ರಾಷ್ಟ್ರಪ್ರಶಸ್ತಿ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಪ್ರಶಸ್ತಿಗೆ ಚಪ್ಪಾಳೆ ತಟ್ಟಿದ ಕೈಗಳಲ್ಲಿ ಹಕ್ಕುಪತ್ರಕ್ಕಾಗಿ ಮನವಿಗೆ ಸಹಿ ಹಾಕಿದ ಕೈಗಳೆಷ್ಟು?

ಶರಾವತಿ ಒಂದೇ ಅಲ್ಲ. ಕಾಳಿ ನದಿಯ ಸೂಪಾ ಅಣೆಕಟ್ಟಿನಿಂದಾಗಿ 1980ರ ದಶಕದಲ್ಲಿ, ತಾಲೂಕಿಗೇ ಹೆಸರು ಕೊಟ್ಟಿದ್ದ ಸೂಪಾ ಪಟ್ಟಣ ನೀರಿನಡಿ ಹೋಯಿತು. ಕಚೇರಿಗಳು ಜೊಯಿಡಾಕ್ಕೆ, ಜನರು ರಾಮನಗರಕ್ಕೆ. ಕೃಷ್ಣೆಯ ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ನೀರು ನಿಂತದ್ದು ಮೂರು ದಶಕಗಳಿಗೂ ಮೀರಿದ ಮೇಲೆ. ಬಾಗಲಕೋಟೆಯ ಹಳೆಯ ಪೇಟೆಯ ಗಲ್ಲಿಗಲ್ಲಿಗಳನ್ನು ನೀರು ಅಳೆಯಿತು; ನವನಗರವೆಂಬ ಹೊಸ ಊರು ಹುಟ್ಟಿತು. ಸೆಕ್ಟರು ನಂಬರುಗಳ ಊರಿನಲ್ಲಿ ರಸ್ತೆ ಅಗಲವಾಗಿದೆ, ನಿಜ. ಆದರೆ ಕಟ್ಟೆಯ ಮೇಲೆ ಕೂಡುತ್ತಿದ್ದ ನೆರೆಯವರು ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಚೆದರಿಹೋದರು. ಮನೆಗೆ ಪರಿಹಾರವುಂಟು, ನೆರೆಹೊರೆಗೆ ಪರಿಹಾರ ಯಾವ ಕಾಯಿದೆಯಲ್ಲಿದೆ?

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಕಲ್ಲಿಗೆ ಸಿಗುವ ಕರುಣೆ ಮನುಷ್ಯನಿಗೆ ಸಿಗುವುದಿಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಸುತ್ತಲೂ ಎತ್ತರದ ಕಾಂಕ್ರೀಟು ಗೋಡೆ ಕಟ್ಟಿದರು. ಕಟ್ಟಿದ್ದು ಸರಿಯೇ, ಆದರೆ ಸ್ಥಾವರಕ್ಕಳಿವುಂಟು ಎಂದ ಆ ಮಹಾನುಭಾವನೇ ಇದ್ದಿದ್ದರೆ ಮೊದಲು ಯಾರನ್ನು ಉಳಿಸಿರೆನ್ನುತ್ತಿದ್ದ? ದೂರದ ತುರ್ಕಿಯಲ್ಲೂ ಇದೇ ನಡೆಯಿತು. ಟೈಗ್ರಿಸ್ ನದಿಯ ದಂಡೆಯಲ್ಲಿ ಹಸನ್‌ಕೇಫ್ ಎಂಬ ಊರು. ಸಾವಿರಾರು ವರ್ಷಗಳಿಂದ ಜನ ಅಲ್ಲಿನ ಗುಹೆಗಳಲ್ಲೂ ಮನೆಗಳಲ್ಲೂ ಬಾಳಿದ್ದರು. ಇಲಿಸು ಅಣೆಕಟ್ಟಿಗಾಗಿ 2017ರಲ್ಲಿ ಅಲ್ಲಿನ ಹದಿನೈದನೆಯ ಶತಮಾನದ ಗೋರಿಯೊಂದನ್ನು ಇಡಿಯಾಗಿ ಎತ್ತಿ, ಗಾಲಿಗಳ ಮೇಲೆ ಜೋಪಾನವಾಗಿ ಬೇರೆಡೆಗೆ ಸಾಗಿಸಿದರು. ಜಗತ್ತಿನ ಪತ್ರಿಕೆಗಳೆಲ್ಲ ಆ ಚಿತ್ರ ಅಚ್ಚುಹಾಕಿದವು. ಊರಿನ ಜನರನ್ನೂ ಗುಡ್ಡದ ಮೇಲಿನ ಹೊಸ ಬಡಾವಣೆಗೆ ಸಾಗಿಸಿದರು. 2020ರ ಹೊತ್ತಿಗೆ ಹಳೆಯ ಊರು ನೀರಿನಡಿಯಲ್ಲಿತ್ತು. ಭಾಷೆ ಬೇರೆ, ಮತ ಬೇರೆ, ಸರಕಾರ ಬೇರೆ. ಆದರೆ ಅಲ್ಲಿಯೂ ರೀತಿ ಒಂದೇ: ಗೋರಿಗೆ ಗಾಲಿ, ಬದುಕಿದವರಿಗೆ ಬಡಾವಣೆ.

"ನಾವೂ ಊರು ಬಿಟ್ಟು ಬಂದವರೇ ಅಲ್ಲವೆ? ನಮಗೇನು ಯಾರು ಪರಿಹಾರ ಕೊಟ್ಟರು?" ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು. ನಮ್ಮ ಹಿರಿಯರು ಹೊಟ್ಟೆಪಾಡಿಗಾಗಿ ಹಡಗನ್ನೋ ಬಸ್ಸನ್ನೋ ಹತ್ತಿ ಬಂದರು. ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ಮೇಲೆ ಬಂದರು. ಅದು ಸಣ್ಣ ಕಷ್ಟವಲ್ಲ. ಆದರೆ ನಾವು ಬಿಟ್ಟು ಬಂದ ಊರು ಅಲ್ಲಿಯೇ ಇದೆ. ಮೇ ತಿಂಗಳ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಭೂತದ ಕೋಲಕ್ಕೋ ತೇರಿಗೋ ಉರುಸಿಗೋ ಹಣ ಕಳಿಸುತ್ತೇವೆ. ನಾಗನಿಗೆ ತಂಬಿಲ ಹಾಕಲು ಬನವಿದೆ. ಅಜ್ಜನ ಸಮಾಧಿಗೆ ಹೂ ಇಡಲು ಜಾಗವಿದೆ. ನಿವೃತ್ತರಾದ ಮೇಲೆ ಹಿಂದಿರುಗಬಹುದೆಂಬ ಆಸೆ, ಹಿಂದಿರುಗದಿದ್ದರೂ, ಎದೆಯೊಳಗೆ ಬೆಚ್ಚಗಿದೆ. ಮುಳುಗಡೆಯವರಿಗೆ ಹಿಂದಿರುಗಲು ಊರೇ ಇಲ್ಲ. ಬೇಸಗೆಯಲ್ಲಿ ನೀರು ಇಳಿದಾಗ ಒಮ್ಮೊಮ್ಮೆ ಹಳೆಯ ಗೋಡೆಯ ತುದಿ, ಒಣಮರದ ಬೊಡ್ಡೆ ಕಾಣಿಸಿಕೊಳ್ಳುತ್ತದೆ. ಮಳೆ ಬಂದರೆ ಮತ್ತೆ ಅದೂ ಇಲ್ಲ. ನಾವು ಊರು ಬಿಟ್ಟವರು. ಅವರಿಂದ ಊರನ್ನು ಬಿಡಿಸಲಾಯಿತು. ವಲಸೆ ಎಂಬ ಒಂದೇ ಶಬ್ದದಲ್ಲಿ ಇವೆರಡನ್ನೂ ಕಟ್ಟಿಹಾಕುವುದು ಅನ್ಯಾಯ.

ಇಷ್ಟು ಹೊತ್ತು ಶರಾವತಿ, ಕೃಷ್ಣೆಯರ ಮಾತಾಯಿತು. 'ಅದು ಊರಿನ ಸುದ್ದಿ, ಮುಂಬಯಿಯಲ್ಲಿ ಕುಳಿತ ನಾವೇನು ಮಾಡೋಣ' ಎನ್ನುವವರು ತಮ್ಮ ಅಡುಗೆಮನೆಯ ನಲ್ಲಿಯನ್ನೊಮ್ಮೆ ತಿರುಗಿಸಿ ನೋಡಲಿ. ಆ ನೀರು ಎಲ್ಲಿಂದ ಬರುತ್ತದೆ?

ಪವಾಯಿ ಬಳಿಯ ವಿಹಾರ ಕೆರೆ 1860ರದು, ತುಳಸಿ 1879ರದು. ಅವು ಸಾಲದೆ ಊರು ಉತ್ತರಕ್ಕೆ ಕೈಚಾಚಿತು. 1892ರಲ್ಲಿ ತಾನ್ಸಾ, 1950ರ ದಶಕದಲ್ಲಿ ವೈತರಣಾ ನದಿಯ ಮೋಡಕ್ ಸಾಗರ, 1970ರ ದಶಕದಲ್ಲಿ ಮೇಲಿನ ವೈತರಣಾ, 1980ರ ದಶಕದ ಆರಂಭದಲ್ಲಿ ಭಾತ್ಸಾ, 2014ರಲ್ಲಿ ಮಧ್ಯ ವೈತರಣಾ. ಹೀಗೆ ನೂರು ಕಿಲೊಮೀಟರಿಗೂ ಆಚೆಯಿಂದ ದಿನಕ್ಕೆ ಸುಮಾರು 400 ಕೋಟಿ ಲೀಟರು ನೀರು ಮಹಾನಗರಕ್ಕೆ ಹರಿದುಬರುತ್ತದೆ. ಉಪನಗರಗಳಾಚೆ ನೆಲಸಿದ ನಮ್ಮವರೂ ಹೊರತಲ್ಲ. ಡೊಂಬಿವಲಿಯ ಕಡೆಗೆ ಬಾರವಿ ಅಣೆಕಟ್ಟು, ನವಿಮುಂಬಯಿಗೆ ಮೊರಬೆ. ಈ ಪ್ರತಿಯೊಂದು ಸರೋವರದ ತಳದಲ್ಲೂ ಹೊಲಗದ್ದೆಗಳಿದ್ದವು, ವಾರ್ಲಿ, ಠಾಕೂರ, ಕಾತ್ಕರಿ, ಮಹಾದೇವ ಕೋಳಿ ಜನರು ಆಸರೆ ಪಡೆದಿದ್ದ ಕಾಡುಗಳಿದ್ದವು. ನಾಚಿಕೆಗೇಡಿನ ಸಂಗತಿಯೆಂದರೆ, ಇಷ್ಟು ಸರೋವರಗಳನ್ನು ಮಡಿಲಲ್ಲಿಟ್ಟುಕೊಂಡ ಶಹಾಪುರ ತಾಲೂಕಿನ ಪಾಡಾಗಳ ಹೆಂಗಸರು ಬೇಸಗೆ ಬಂತೆಂದರೆ ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುತ್ತಾರೆ. ಅವರ ಕಣ್ಣೆದುರಿನಲ್ಲೇ ದಪ್ಪ ಕೊಳವೆಗಳಲ್ಲಿ ನೀರು ನಮ್ಮ ಕಡೆಗೆ ಹರಿಯುತ್ತದೆ. ಉಡುಪಿ ಹೋಟೆಲಿನಲ್ಲಿ ಗಿರಾಕಿ ಕುಳಿತೊಡನೆ ಕೇಳದೆಯೇ ನೀರಿನ ಲೋಟ ತಂದಿಡುವುದು ನಮ್ಮ ಸಂಪ್ರದಾಯ. ಆ ಲೋಟದ ನೀರನ್ನು ಕಳಿಸಿದವರ ಮನೆಯ ಕೊಡ ಖಾಲಿ ಇದ್ದರೆ ನಮ್ಮ ಆತಿಥ್ಯಕ್ಕೆ ಏನು ಬೆಲೆ?

ನೀರಷ್ಟೇ ಅಲ್ಲ, ದೀಪದ ಕತೆಯೂ ಇದೇ. ಮುಂಬಯಿಯ ಗಿರಣಿಗಳಿಗೂ ರೈಲುಗಳಿಗೂ ವಿದ್ಯುತ್ತು ಬೇಕೆಂದು ಪುಣೆಯ ಪಶ್ಚಿಮಕ್ಕೆ ಮುಳಶಿಯಲ್ಲಿ ಟಾಟಾ ಕಂಪೆನಿ ಅಣೆಕಟ್ಟು ಕಟ್ಟಹೊರಟಿತು. 1921ರಲ್ಲಿ ಅಲ್ಲಿನ ಮಾವಳೆ ರೈತರು ಸತ್ಯಾಗ್ರಹಕ್ಕೆ ಕುಳಿತರು. ಪಾಂಡುರಂಗ ಮಹಾದೇವ ಬಾಪಟರಿಗೆ 'ಸೇನಾಪತಿ' ಎಂಬ ಹೆಸರು ಬಂದದ್ದು ಈ ಹೋರಾಟದಿಂದ. ಅಣೆಕಟ್ಟಿನ ವಿರುದ್ಧ ಜಗತ್ತಿನಲ್ಲಿ ನಡೆದ ಮೊತ್ತಮೊದಲ ಸಂಘಟಿತ ಚಳವಳಿ ಇದೆಂದು ವಿದ್ವಾಂಸರು ಬರೆದಿದ್ದಾರೆ. ಮೂರು ವರ್ಷಗಳಲ್ಲಿ ಚಳವಳಿ ಮುರಿದು ಬಿತ್ತು; ನಾಯಕರು ಜೈಲು ಸೇರಿದರು; ಊರುಗಳು ಮುಳುಗಿದವು; 1927ರಲ್ಲಿ ಭಿರಾ ವಿದ್ಯುದಾಗಾರ ಕೆಲಸ ಆರಂಭಿಸಿತು. ನಮ್ಮವರು ದುಡಿದ ಗಿರಣಿಗಳೇನೋ ಮುಚ್ಚಿಹೋದವು, ಆದರೆ ಮುಳಶಿಯ ನೀರು ಇಳಿಯಲಿಲ್ಲ. ಆ ಮುಳಾ ನದಿ ಸ್ವಾಭಾವಿಕವಾಗಿ ಹರಿದಿದ್ದರೆ ಭೀಮೆಯನ್ನು ಕೂಡಿ ವಿಜಯಪುರ, ಕಲಬುರ್ಗಿಗಳ ಬರಡು ನೆಲದತ್ತ ಬರುತ್ತಿತ್ತು ಎಂಬುದನ್ನೂ ಕನ್ನಡಿಗರಾದ ನಾವು ನೆನಪಿಡಬೇಕು. ಆ ಜಿಲ್ಲೆಗಳಿಂದ ಬರಗಾಲ ಅಟ್ಟಿದ ಜನರೇ ಈ ಊರಿನ ಕಟ್ಟಡಗಳಿಗೆ ಕಲ್ಲು-ಮರಳು ಹೊತ್ತವರು.

ಹಳೆಯದೆಲ್ಲ ಆಗಿಹೋಯಿತು ಎನ್ನೋಣವೆ? ಮುಂದಿನ ಮುಳುಗಡೆಯೂ ಸಿದ್ಧವಾಗಿದೆ. ಪಾಲಘರ ಜಿಲ್ಲೆಯ ವಾಡಾ ತಾಲೂಕಿನ ಓಗದಾ ಬಳಿ ಗಾರ್ಗಾಯಿ ನದಿಗೆ ಅಣೆಕಟ್ಟು ಕಟ್ಟಿ ಮುಂಬಯಿಗೆ ದಿನಕ್ಕೆ 44 ಕೋಟಿ ಲೀಟರು ನೀರು ತರುವುದು ಮಹಾನಗರಪಾಲಿಕೆಯ ಯೋಜನೆ. ಒಮ್ಮೆ ಬದಿಗಿಟ್ಟು ಮತ್ತೆ ಕೈಗೆತ್ತಿಕೊಂಡ ಈ ಯೋಜನೆಯಿಂದ ಆರು ಆದಿವಾಸಿ ಹಳ್ಳಿಗಳು ಎತ್ತಂಗಡಿಯಾಗಬೇಕು. ತಾನ್ಸಾ ಅಭಯಾರಣ್ಯದ ಲಕ್ಷಗಟ್ಟಲೆ ಮರಗಳು ಹೋಗಬೇಕು. ಇದಕ್ಕೆ ಹೇಳುವ ಕಾರಣ ಒಂದೇ: ಮುಂಬಯಿಗೆ ನೀರು ಸಾಲದು.

ಸಾಲದು ಎನ್ನುವ ಮೊದಲು ಲೆಕ್ಕ ಹಾಕೋಣ. ನಗರಕ್ಕೆ ಬರುವ ನೀರಿನಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಸೋರಿಕೆ, ಕಳವುಗಳಲ್ಲಿ ಹೋಗುತ್ತದೆಂಬ ಅಂದಾಜು ಮೇಲಿಂದ ಮೇಲೆ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. 400 ಕೋಟಿಯಲ್ಲಿ ಕಾಲು ಭಾಗವೆಂದರೆ 100 ಕೋಟಿ ಲೀಟರು. ಆರು ಹಳ್ಳಿಗಳನ್ನು ಮುಳುಗಿಸಿ ತರುವ ನೀರಿನ ಎರಡು ಪಟ್ಟಿಗೂ ಹೆಚ್ಚು ನೀರು ನಮ್ಮ ರಸ್ತೆಗಳ ಅಡಿಯಲ್ಲೇ ಕಾಣದಂತಾಗುತ್ತಿದೆ! ಮನೋರಿಯಲ್ಲಿ ಸಮುದ್ರದ ನೀರನ್ನು ಸಿಹಿಮಾಡುವ ಸ್ಥಾವರದ ಯೋಜನೆಯಿದೆ. ಮೊದಲ ಹಂತದಲ್ಲಿ ದಿನಕ್ಕೆ 20 ಕೋಟಿ ಲೀಟರು, ಮುಂದೆ 40 ಕೋಟಿ ಎಂಬ ಗುರಿ. ಅದು ದುಬಾರಿ ಎನ್ನುತ್ತಾರೆ. ದುಬಾರಿಯೇ ಇರಬಹುದು. ಆದರೆ ಅಣೆಕಟ್ಟಿನ ನೀರು ಅಗ್ಗವಾಗಿ ಕಾಣುವುದು, ಅದರ ಬೆಲೆಯ ದೊಡ್ಡ ಪಾಲನ್ನು ಓಗದಾದ ಆದಿವಾಸಿಯ ಲೆಕ್ಕಕ್ಕೆ ಬರೆದಿರುವುದರಿಂದ. ತೂತು ಕೊಡಕ್ಕೆ ಎಷ್ಟು ಬಾವಿ ತೋಡಿದರೆ ಸಾಕಾದೀತು?

"ಉಂಡ ಮನೆಯ ಜಂತೆ ಎಣಿಸಬಾರದು, ಮುಂಬಯಿ ನಮಗೆ ಅನ್ನ ಕೊಟ್ಟ ಊರು" ಎಂದು ಹಿರಿಯರು ಎಚ್ಚರಿಸಬಹುದು. ನಾವು ಎಣಿಸುತ್ತಿರುವುದು ಜಂತೆಯನ್ನಲ್ಲ, ನಮ್ಮ ಋಣವನ್ನು. ಅನ್ನ ಕೊಟ್ಟ ಊರಿಗೆ ನಾವು ಋಣಿಗಳಾದರೆ, ಆ ಊರಿಗೆ ನೀರು ಕೊಟ್ಟವರಿಗೆ ಋಣಿಗಳಲ್ಲವೆ? ಇನ್ನು ಕೆಲವರು, "ಹಾಗಾದರೆ ನಲ್ಲಿ ಬಂದ್ ಮಾಡೋಣವೇ, ಅಣೆಕಟ್ಟುಗಳನ್ನು ಒಡೆಯೋಣವೇ" ಎಂದು ವ್ಯಂಗ್ಯವಾಡುತ್ತಾರೆ. ಒಡೆಯಿರೆಂದು ಯಾರೂ ಹೇಳಿಲ್ಲ. ಬರಪೀಡಿತ ನೆಲಕ್ಕೆ ನೀರು ಬೇಕು, ಚಾಳಿನ ತಾಯಿಗೂ ನೀರು ಬೇಕು. ನಮ್ಮ ವಾದವಿಷ್ಟೆ: ನೀರು ಪಡೆದವರು ಬೆಲೆ ಕೊಡಬೇಕು, ಅದೂ ಮೊದಲೇ ಕೊಡಬೇಕು. ಮಹಾರಾಷ್ಟ್ರದ ಸಂತ್ರಸ್ತರ ಚಳವಳಿ ಬಹುಕಾಲದಿಂದ ಕೂಗುತ್ತ ಬಂದಿರುವುದೂ ಇದನ್ನೇ: ಮೊದಲು ಪುನರ್ವಸತಿ, ಆಮೇಲೆ ಅಣೆಕಟ್ಟು. ಇದು ಆಗದ ಮಾತೇನಲ್ಲ. ಬಾರವಿಯ ಎತ್ತರ ಹೆಚ್ಚಿಸಿದಾಗ ಮನೆ ಕಳೆದುಕೊಂಡವರು ಪಟ್ಟುಹಿಡಿದು, ಆ ನೀರು ಕುಡಿಯುವ ನಗರಗಳ ಪಾಲಿಕೆಗಳಲ್ಲೇ ಕುಟುಂಬಕ್ಕೊಂದು ನೌಕರಿಯ ಹಕ್ಕನ್ನು ಪಡೆದರು. ಹೋರಾಡಿದ ಮೇಲೆ ಸಿಕ್ಕಿದ್ದು ಹೋರಾಡದೆಯೂ ಸಿಗುವಂತಾಗಬೇಕು.

ಆಲಮಟ್ಟಿಯ ವಿಷಯದಲ್ಲಿ ನಮ್ಮ ಹೊಣೆ ಇನ್ನೂ ಹೆಚ್ಚಿನದು. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಆ ತೀರ್ಪು ವರ್ಷಗಟ್ಟಲೆ ಕೋರ್ಟಿನಲ್ಲಿ ಸಿಕ್ಕಿಬಿತ್ತು. ಅಷ್ಟೂ ಕಾಲ, ಮುಳುಗಲಿರುವ 20 ಹಳ್ಳಿಗಳ ಜನ ಮನೆ ರಿಪೇರಿ ಮಾಡಿಸಬೇಕೋ ಬೇಡವೋ, ಬಾವಿ ತೋಡಬೇಕೋ ಬೇಡವೋ ತಿಳಿಯದೆ ತ್ರಿಶಂಕುಗಳಾದರು. 2025ರ ಸಪ್ಟಂಬರಿನಲ್ಲಿ ಕರ್ನಾಟಕದ ಸಚಿವಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಎಂದು ದರ ಗೊತ್ತುಮಾಡಿತು. ಶರಾವತಿಯ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ ಎಂದು ಒಪ್ಪುತ್ತೇವೆ. ಆದರೆ ಜಮೀನಿಲ್ಲದ ಕೂಲಿಕಾರನಿಗೆ, ಕಮ್ಮಾರನಿಗೆ, ಕುರಿಗಾಹಿಗೆ ಎಕರೆಯ ಲೆಕ್ಕದಲ್ಲಿ ಸಿಗುವುದು ಸೊನ್ನೆಯೇ. ಇತ್ತ ಸಾಂಗ್ಲಿ, ಕೊಲ್ಲಾಪುರದವರಿಗೆ ಹಿನ್ನೀರಿನಿಂದ ನೆರೆ ಬಂದೀತೆಂಬ ಭಯ. ಊರಿನಲ್ಲಿರುವವರು ಕರ್ನಾಟಕದ ಪಕ್ಷ ಹಿಡಿದು ಕೂಗುತ್ತಾರೆ, ಇಲ್ಲಿಯವರು ಮಹಾರಾಷ್ಟ್ರದ ಪಕ್ಷ ಹಿಡಿದು. ಎರಡು ನಾಡುಗಳ ಅನ್ನವನ್ನೂ ಉಂಡವರು ನಾವು. ಎರಡು ಸರಕಾರಗಳ ಜಗಳದಲ್ಲಿ ಕಿವಿಗೆ ಬೀಳದೆ ಹೋಗುವ ದನಿಯೊಂದಿದೆ. ಅದು ದಂಡೆಯ ಮೇಲೆ ಕುಳಿತವನ ದನಿ. ಅವನ ಪಕ್ಷ ಹಿಡಿಯುವುದು ನಮ್ಮ ಕೆಲಸ.

ಸಂಘಗಳು ಮಾಡಬಹುದಾದದ್ದು ಬಹಳವಿದೆ. ರಾಜ್ಯೋತ್ಸವದ ವೇದಿಕೆಗೆ ಮಂತ್ರಿಯ ಬದಲು ಒಂದು ವರ್ಷವಾದರೂ ಶರಾವತಿಯ ಒಬ್ಬ ಸಂತ್ರಸ್ತನನ್ನು ಕರೆಸೋಣ. ನಮ್ಮ ವಿದ್ಯಾರ್ಥಿವೇತನಗಳಲ್ಲಿ ಒಂದು ಪಾಲನ್ನು ಮುಳುಗಡೆಯ ಕುಟುಂಬಗಳ ಮಕ್ಕಳಿಗಾಗಿ, ಶಹಾಪುರ-ವಾಡಾ ತಾಲೂಕುಗಳ ಮಕ್ಕಳಿಗಾಗಿಯೂ ತೆಗೆದಿಡೋಣ. ಗಾರ್ಗಾಯಿಗೆ ಮೊದಲು ಸೋರಿಕೆ ನಿಲ್ಲಿಸಿರೆಂದು, ಸರೋವರದ ಸುತ್ತಲಿನ ಪಾಡಾಗಳಿಗೆ ಮೊದಲ ಕೊಳವೆ ಹಾಕಿರೆಂದು ನಮ್ಮ ವಾರ್ಡಿನ ನಗರಸೇವಕನಿಗೆ ಪತ್ರ ಬರೆಯೋಣ. ಓಟು ಕೇಳಲು ಬಂದಾಗ ನೆನಪಿಸೋಣ. ನಮ್ಮ ಸೊಸೈಟಿಯ ಟಾಂಕಿ ತುಂಬಿ ಹರಿಯುವುದನ್ನು ನಾಳೆಯೇ ನಿಲ್ಲಿಸೋಣ. ಸೂಪಾದಿಂದ, ಶರಾವತಿಯಿಂದ, ಹಳೆಯ ಬಾಗಲಕೋಟೆಯಿಂದ ಬಂದು ಈ ಮಹಾನಗರದಲ್ಲಿ ನೆಲಸಿದ ಬಂಧುಗಳು ತಮ್ಮ ಊರಿನ ಕತೆಯನ್ನು, ಬೀದಿ-ಗುಡಿ-ಗದ್ದೆಗಳ ಹೆಸರು ಸಹಿತ, ಇಂಥ ಪತ್ರಿಕೆಗಳಲ್ಲಿ ಬರೆದಿಡಲಿ. ಆ ಹೆಸರುಗಳು ಉಳಿಯಲು ಬೇರೆ ಜಾಗ ಉಳಿದಿಲ್ಲ.

ಇಷ್ಟನ್ನೂ ಮಾಡಲಾಗದಿದ್ದರೆ ಕೊನೆಯ ಪಕ್ಷ ಒಂದನ್ನು ಮಾಡಬಹುದು. ಮುಳುಗಡೆಯವರು 'ತ್ಯಾಗ ಮಾಡಿದರು' ಎನ್ನುವುದನ್ನು ಇಂದಿನಿಂದ ಬಿಡೋಣ. ಅವರಿಂದ ಕಿತ್ತುಕೊಂಡದ್ದನ್ನು ನಾವು ಅನುಭವಿಸುತ್ತಿದ್ದೇವೆ ಎಂದು ಹೇಳುವುದನ್ನು ಕಲಿಯೋಣ. ಸಾಲವನ್ನು ಸಾಲವೆಂದು ಒಪ್ಪಿಕೊಳ್ಳದವನು ಅದನ್ನು ತೀರಿಸಿದ್ದುಂಟೆ?